ಎಂಟು ತಿಂಗಳು ಅಂದರೆ ಎಷ್ಟು ವಾರ?

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಓದುತ್ತಿರುವವರು, ಆರೋಗ್ಯ ಕೇಂದ್ರಗಳ ಸಿಬ್ಬಂದಿ ಬಂದಿದ್ದೀರಿ. ಮನೆಯಲ್ಲಿ ಬಸುರಿ ಇರುವವರೂ ಕೆಲವರಿದ್ದೀರಿ. ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ.

ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಅಂತ ಒಬ್ಬ ಬಸುರಿ ಹೆಂಗಸು ಬರುತ್ತಾರೆ. ‘ಎಷ್ಟು ತಿಂಗಳಮ್ಮಾ?’ ಅಂದರೆ ಜತೆಗೆ ಬಂದ ಅತ್ತೆ ‘ಎಂಟು’ ಅನ್ನುತ್ತಾರೆ. ಎಂಟು ತುಂಬಿದೆಯೋ, ಎಂಟರಲ್ಲಿ ಬಿದ್ದಿದೆಯೋ? ನಮ್ಮ ಮಾತಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದ ಇದೆ, ಆದರೆ ಗಾಬರಿಯಲ್ಲಿ ಬಾಯಿಂದ ಬರುವುದು ಬರೀ ‘ಎಂಟು’. ಈಗ ಲೆಕ್ಕ ಹಾಕಿ. ಏಳು ತುಂಬಿ ಎಂಟರಲ್ಲಿ ಬಿದ್ದ ದಿನಕ್ಕೆ ಸುಮಾರು 213 ದಿನ, ಅಂದರೆ 30 ವಾರ ದಾಟಿ ಮೂರು ದಿನ. ಎಂಟು ತುಂಬಿದ ದಿನಕ್ಕೆ ಸುಮಾರು 243 ದಿನ, 34 ವಾರ ದಾಟಿ ಐದು ದಿನ. ಅವಧಿಗೆ ಮೊದಲೇ ಹೆರಿಗೆ ಆಗುವ ಸೂಚನೆ ಇದ್ದಾಗ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಕೊಡುವ ಡೆಕ್ಸಾಮೆಥಾಸೋನ್ ಚುಚ್ಚುಮದ್ದು, 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಸಲ, ನಮ್ಮ ಸರ್ಕಾರಿ ಮಾರ್ಗಸೂಚಿಯಲ್ಲಿ 24ರಿಂದ 34 ವಾರದವರೆಗೆ. ಅತ್ತೆ ಹೇಳಿದ ‘ಎಂಟು’ ಆ ಗಡಿಯ ಆಚೆಗೂ ಇದೆ, ಈಚೆಗೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಈ ಮದ್ದಿಗೆ ಹಾಕಿರುವ ಷರತ್ತುಗಳಲ್ಲಿ ಒಂದು, ಬಸುರಿನ ವಾರ ನಿಖರವಾಗಿ ಗೊತ್ತಿರಬೇಕು ಅನ್ನುವುದು. ಅಲ್ಲಿಗೆ ತಾಯಿ ಕಾರ್ಡಿನ ಮೊದಲ ಪುಟದ ಒಂದು ತಾರೀಖಿನ ಮೇಲೆ ಇಡೀ ರಾತ್ರಿಯ ತೀರ್ಮಾನ ನಿಂತಿತು.

ವಾರವನ್ನು ನಾಲ್ಕರಿಂದ ಭಾಗಿಸಿ ತಿಂಗಳು ಮಾಡುವ ಅಭ್ಯಾಸವನ್ನೂ ಬಿಡಿ. ಫೆಬ್ರವರಿ ಬಿಟ್ಟರೆ ಯಾವ ತಿಂಗಳಿಗೂ ನಾಲ್ಕೇ ವಾರ ಇಲ್ಲ. 32 ವಾರ ಅಂದರೆ ಏಳು ತಿಂಗಳು, ಮೇಲೆ ಹತ್ತು ಹನ್ನೊಂದು ದಿನ. ಮನೆಯವರ ಜತೆ ತಿಂಗಳಲ್ಲಿ ಮಾತಾಡಿ, ತೊಂದರೆಯಿಲ್ಲ. ಕಾರ್ಡಿನಲ್ಲಿ ಮಾತ್ರ ವಾರ ಮತ್ತು ದಿನ ಬರೆಯಿರಿ. (‘ಏಳರಲ್ಲಿ ಹುಟ್ಟಿದ್ದು ಉಳಿಯುತ್ತೆ, ಎಂಟರಲ್ಲಿ ಹುಟ್ಟಿದ್ದು ಉಳಿಯಲ್ಲ’ ಅನ್ನುವ ಮಾತು ಇನ್ನೂ ಕೇಳಿಬರುತ್ತದೆ. ಅದು ತಪ್ಪು. 37 ವಾರ ತುಂಬುವವರೆಗೆ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.)

ಈ ವಾರಗಳನ್ನು ಎಲ್ಲಿಂದ ಎಣಿಸುತ್ತೇವೆ? ಕೊನೆಯ ಮುಟ್ಟಿನ ಮೊದಲ ದಿನದಿಂದ. ಅದನ್ನೇ ಎಲ್‌ಎಂಪಿ ಅನ್ನುವುದು. ಗರ್ಭ ಕಟ್ಟುವುದು ಅದಾದ ಮೇಲೆ ಸುಮಾರು ಎರಡು ವಾರಕ್ಕೆ. ಅಂದರೆ ಬಸುರಿನ ಲೆಕ್ಕದ ಮೊದಲ ಎರಡು ವಾರ ಆಕೆ ಬಸುರಿಯೇ ಅಲ್ಲ. ಇದು ಗೊತ್ತಿಲ್ಲದೆ ಮನೆಗಳಲ್ಲಿ ಜಗಳಗಳೇ ಆಗುತ್ತವೆ. ಮದುವೆಯಾಗಿ ಐದೂವರೆ ವಾರ, ಸ್ಕ್ಯಾನ್ ವರದಿಯಲ್ಲಿ ಏಳು ವಾರ. ಗಂಡನ ಮನೆಯವರು ಬೆರಳು ಮಡಚಿ ಎಣಿಸತೊಡಗುತ್ತಾರೆ. ಏಳು ವಾರದ ಬಸುರು ಅಂದರೆ ಗರ್ಭ ಕಟ್ಟಿ ಐದು ವಾರ ಎಂದರ್ಥ, ಲೆಕ್ಕ ಸರಿಯಾಗಿಯೇ ಇದೆ. ವರದಿ ಕೈಗೆ ಕೊಡುವಾಗ ಈ ಒಂದು ವಾಕ್ಯ ಯಾರಾದರೂ ಹೇಳಿದರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ಎಲ್‌ಎಂಪಿ ಕೇಳುವುದೇ ಒಂದು ಕಲೆ. ‘ಕೊನೇ ಸಲ ಮುಟ್ಟಾದದ್ದು ಯಾವಾಗ?’ ಅಂದರೆ ಮೂರು ಬಗೆಯ ಉತ್ತರ ಬರಬಹುದು. ಒಬ್ಬರು ರಕ್ತ ಕಂಡ ಮೊದಲ ದಿನ ಹೇಳುತ್ತಾರೆ. ಇನ್ನೊಬ್ಬರು ತಲೆಗೆ ನೀರು ಹಾಕಿಕೊಂಡ ನಾಲ್ಕನೇ ದಿನ ಹೇಳುತ್ತಾರೆ, ಏಕೆಂದರೆ ಮನೆಯಲ್ಲಿ ಎಲ್ಲರಿಗೂ ನೆನಪಿರುವುದು ಆ ದಿನವೇ. ಅಲ್ಲಿಗೆ ಮೂರು ದಿನ ಹೋಯಿತು. ಮೂರನೆಯವರು ‘ಮುಟ್ಟು ನಿಂತದ್ದು’ ಯಾವಾಗ ಎಂದು ಕೇಳಿದ ಹಾಗೆ ಅರ್ಥ ಮಾಡಿಕೊಂಡು, ಬರಬೇಕಾಗಿದ್ದು ಬರದೆ ಹೋದ ದಿನವನ್ನು ಹೇಳುತ್ತಾರೆ. ಅಲ್ಲಿ ಒಂದು ತಿಂಗಳೇ ಜಾರಿತು. ಅದಕ್ಕೇ ‘ರಕ್ತ ಕಂಡ ಮೊದಲ ದಿನ ಯಾವುದು?’ ಅಂತ ಬಿಡಿಸಿ ಕೇಳಿ. ನೆನಪಿಲ್ಲ ಅಂದರೆ ಹಬ್ಬ ಹಿಡಿಯಿರಿ. ನಾಗರ ಪಂಚಮಿಗೆ ಮುಂಚೆಯೋ ಆಮೇಲೋ? ಗೌರಿ ಪೂಜೆಗೆ ಕೂತಿದ್ದಿರಾ? ಹಬ್ಬದ ದಿನ ಹೊರಗಾಗಿದ್ದು ಯಾರೂ ಮರೆಯುವುದಿಲ್ಲ.

ತಾರೀಖು ಸಿಕ್ಕಿದ ಮೇಲೆ ಇನ್ನೂ ಮೂರು ಪ್ರಶ್ನೆ ಇದೆ. ಮುಟ್ಟು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು? ಆ ಸಲ ಎಂದಿನಷ್ಟೇ ಹೋಯಿತಾ, ಬರೀ ಕಲೆ ಕಂಡಿತಾ? ಗರ್ಭನಿರೋಧಕ ಮಾತ್ರೆ ಬಿಟ್ಟ ಕೂಡಲೇ ನಿಂತ ಬಸುರೋ, ಮಗುವಿಗೆ ಹಾಲು ಕುಡಿಸುತ್ತಿದ್ದಾಗ ನಿಂತದ್ದೋ? ಗರ್ಭ ಕಟ್ಟಿದ ಮೇಲೂ ಮುಟ್ಟಿನ ದಿನದ ಹೊತ್ತಿಗೆ ಕೆಲವರಿಗೆ ಸ್ವಲ್ಪ ರಕ್ತ ಕಾಣುತ್ತದೆ. ಅದನ್ನೇ ಕೊನೆಯ ಮುಟ್ಟು ಅಂತ ಬರೆದುಕೊಂಡರೆ ಬಸುರು ನಾಲ್ಕು ವಾರ ಚಿಕ್ಕದಾಗಿ ಕಾಣುತ್ತದೆ, ಕೊನೆಗೆ ಹೆರಿಗೆ ‘ಮುಂಚೆ’ ಆಯಿತು ಅನ್ನಿಸುತ್ತದೆ. ಮುಟ್ಟು 35 ದಿನಕ್ಕೊಮ್ಮೆ ಬರುವವರಿಗೆ ಅಂಡ ಬಿಡುಗಡೆಯೇ ಸುಮಾರು ಒಂದು ವಾರ ತಡ, ಆದ್ದರಿಂದ ಹೆರಿಗೆಯ ತಾರೀಖಿಗೂ ಏಳು ದಿನ ಕೂಡಿಸಬೇಕು.

ಹೆರಿಗೆಯ ಅಂದಾಜು ದಿನ, ಅಂದರೆ ಇಡಿಡಿ, ತೆಗೆಯಲು ನಾವೆಲ್ಲ ಬಳಸುವ ಸೂತ್ರ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ಪ್ರಸೂತಿ ತಜ್ಞ ನೇಗೆಲೆ ಹೆಸರಿನದು. ಎಲ್‌ಎಂಪಿಗೆ ಏಳು ದಿನ, ಒಂಬತ್ತು ತಿಂಗಳು ಕೂಡಿಸಿ. ಮೊದಲು ದಿನ, ಆಮೇಲೆ ತಿಂಗಳು. ಇದು ಉಲ್ಟಾ ಆದರೆ ಮೇ 30ಕ್ಕೆ ಒಂಬತ್ತು ತಿಂಗಳು ಸೇರಿಸಿ ಫೆಬ್ರವರಿ 30ಕ್ಕೆ ಹೋಗಿ ನಿಲ್ಲುತ್ತೀರಿ. ದಿನ ಮೊದಲು ಕೂಡಿಸಿದರೆ ಜೂನ್ 6, ಅಲ್ಲಿಂದ ಮಾರ್ಚ್ 6.

ಈ ಸೂತ್ರದಲ್ಲಿ ಒಂದು ಸಣ್ಣ ಓರೆ ಇದೆ. ಬಸುರಿನ ಅವಧಿ 280 ದಿನ ಅಂತ ಇಟ್ಟುಕೊಂಡಿದ್ದೇವೆ, ಆದರೆ ಒಂಬತ್ತು ತಿಂಗಳಿಗೆ ಎಷ್ಟು ದಿನ ಅನ್ನುವುದು ಯಾವ ತಿಂಗಳಿಂದ ಎಣಿಸಿದಿರಿ ಅನ್ನುವುದರ ಮೇಲಿದೆ. 2025ರ ಜೂನ್ 10ರ ಎಲ್‌ಎಂಪಿಗೆ 2026ರ ಮಾರ್ಚ್ 17 ಬರುತ್ತದೆ, ಸರಿಯಾಗಿ 280 ದಿನ. ಮೇ 10ರ ಎಲ್‌ಎಂಪಿಗೆ ಫೆಬ್ರವರಿ 17 ಬರುತ್ತದೆ, ಎಣಿಸಿದರೆ 283 ದಿನ. 280 ದಿನ ಎಣಿಸುವ ಮೊಬೈಲ್ ಆ್ಯಪ್ ಅದೇ ಹೆಂಗಸಿಗೆ ಫೆಬ್ರವರಿ 14 ತೋರಿಸುತ್ತದೆ. ಕಾರ್ಡ್ ಬರೆದವರು ತಪ್ಪು ಮಾಡಿದರು ಅಂತ ಜಗಳಕ್ಕೆ ಬಂದರೆ ಇದೇ ಕಾರಣ. ಮೂರು ದಿನದಿಂದ ಯಾರಿಗೂ ಏನೂ ಆಗುವುದಿಲ್ಲ, ಇಡಿಡಿ ದಿನವೇ ಹೆರುವವರೂ ಕಡಿಮೆ. 37 ವಾರಕ್ಕೆ ದಿನ ತುಂಬಿದ ಹಾಗೆ, 39ರಿಂದ 40 ವಾರ 6 ದಿನ ಪೂರ್ಣಾವಧಿ, 42 ತುಂಬಿದರೆ ದಿನ ಮೀರಿದ್ದು.

ಇನ್ನು ಬಸುರು ಹೌದೋ ಅಲ್ಲವೋ ಅನ್ನುವುದು. ಆಶಾ ಚೀಲದಲ್ಲಿರುವ ನಿಶ್ಚಯ್ ಕಿಟ್ ಆಗಲಿ, ಅಂಗಡಿಯ ಕಿಟ್ ಆಗಲಿ, ಹುಡುಕುವುದು ಬಸುರಾದಾಗ ಮೈಯಲ್ಲಿ ಏರುವ ಎಚ್‌ಸಿಜಿ ಹಾರ್ಮೋನನ್ನು. ಮೊದಮೊದಲು ಅದು ಹೆಚ್ಚುಕಡಿಮೆ ಎರಡು ದಿನಕ್ಕೆ ಇಮ್ಮಡಿಯಾಗುತ್ತದೆ. ಹಾಗಾಗಿ ಮುಟ್ಟು ತಪ್ಪುವ ಮೊದಲೇ ನೋಡಿ ‘ಇಲ್ಲ’ ಬಂದರೆ ಅದಕ್ಕೆ ಬೆಲೆ ಇಲ್ಲ. ಬೆಳಗಿನ ಮೊದಲ ಮೂತ್ರ, ಪಟ್ಟಿಯ ಮೇಲೆ ಬರೆದಷ್ಟೇ ಹನಿ, ಬರೆದಷ್ಟೇ ನಿಮಿಷ. ಚೆನ್ನಾಗಿ ನೀರು ಕುಡಿದು ಮಧ್ಯಾಹ್ನ ಕೊಟ್ಟ ಮೂತ್ರ ತೆಳ್ಳಗಿರುತ್ತದೆ, ಗೆರೆ ಮೂಡದೇ ಇರಬಹುದು. ಮಸುಕು ಗೆರೆಯೂ ಸಮಯದೊಳಗೆ ಬಂದರೆ ಗೆರೆಯೇ. ಬಿಸಾಡಿದ ಪಟ್ಟಿಯನ್ನು ಗಂಟೆ ಬಿಟ್ಟು ಮತ್ತೆ ತೆಗೆದು ನೋಡಿದಾಗ ಕಾಣುವ ಗೆರೆಗೆ ಅರ್ಥವಿಲ್ಲ, ಅದು ಒಣಗಿದ ಗುರುತು. ಮೇಲಿನ ಕಂಟ್ರೋಲ್ ಗೆರೆಯೇ ಬರದಿದ್ದರೆ ಪಟ್ಟಿ ಕೆಟ್ಟಿದೆ, ಬೇರೆ ತೆಗೆದುಕೊಳ್ಳಿ. ಇತ್ತೀಚೆಗೆ ಗರ್ಭ ಹೋಗಿದ್ದವರಲ್ಲಿ ಕೆಲವು ವಾರ, ಎಚ್‌ಸಿಜಿ ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಕೆಲವು ದಿನ ಬಸುರಿಲ್ಲದೆಯೂ ಗೆರೆ ಬರುತ್ತದೆ.

ಕಿಟ್ ಹೇಳದೇ ಇರುವುದೇ ಅಪಾಯದ್ದು. ಬಸುರು ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ಕಟ್ಟಿದ ಗರ್ಭಕ್ಕೂ ಅದೇ ಎರಡು ಗೆರೆ. ಗೆರೆ ಬಂದವರಿಗೆ ಕಿಬ್ಬೊಟ್ಟೆಯ ಒಂದು ಕಡೆ ನೋವು, ಸ್ವಲ್ಪ ರಕ್ತ, ತಲೆ ಸುತ್ತಿ ಬೀಳುವ ಹಾಗೆ, ಭುಜದ ತುದಿಯಲ್ಲಿ ನೋವು ಅಂದರೆ ಮಾತ್ರೆ ಕೊಟ್ಟು ಮಲಗಿಸಬೇಡಿ, ಆಂಬುಲೆನ್ಸ್ ಕರೆಯಿರಿ. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೆ ಹೋಗುತ್ತದೆ, ಹೊರಗೆ ಕಾಣುವುದು ಕಲೆಯಷ್ಟೇ.

ಆರಂಭದ ಸ್ಕ್ಯಾನ್‌ಗೂ ಆತುರ ಒಳ್ಳೆಯದಲ್ಲ. ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಐದು ವಾರದ ಹೊತ್ತಿಗೆ ಬರೀ ಚೀಲ, ಐದೂವರೆಗೆ ಅದರೊಳಗೆ ಯೋಕ್ ಸ್ಯಾಕ್ ಅನ್ನುವ ಪುಟ್ಟ ಚೀಲ, ಆರಕ್ಕೆ ಭ್ರೂಣ ಮತ್ತು ಮಿಡಿತ. ಐದು ವಾರಕ್ಕೇ ಹೋಗಿ ‘ಮಗು ಇಲ್ಲ, ಬರೀ ಚೀಲ ಇದೆ’ ಅಂತ ಕೇಳಿಸಿಕೊಂಡು ಅತ್ತವರು ಎಷ್ಟೋ ಜನ. ಗರ್ಭ ನಿಂತುಹೋಗಿದೆ ಅಂತ ಒಂದೇ ಸ್ಕ್ಯಾನ್‌ನಿಂದ ಹೇಳಲು ಕಟ್ಟುನಿಟ್ಟಾದ ಅಳತೆ ಇದೆ: ಭ್ರೂಣ 7 ಮಿಲಿಮೀಟರ್ ಅಥವಾ ಹೆಚ್ಚು ಉದ್ದವಿದ್ದೂ ಮಿಡಿತ ಇರಬಾರದು, ಇಲ್ಲವೇ ಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಮುಟ್ಟಿಯೂ ಭ್ರೂಣ ಇರಬಾರದು. ಅದಕ್ಕಿಂತ ಚಿಕ್ಕದಿದ್ದರೆ ಒಂದೆರಡು ವಾರ ಕಾಯ್ದು ಮತ್ತೆ ನೋಡುವುದೇ ದಾರಿ. ತಾರೀಖೇ ತಪ್ಪಿರಬಹುದಲ್ಲ.

ತಾರೀಖು ಸರಿಪಡಿಸುವ ಅತ್ಯುತ್ತಮ ಅಳತೆಯೂ ಅಲ್ಲೇ ಸಿಗುತ್ತದೆ. ಭ್ರೂಣದ ತಲೆಯಿಂದ ಕುಂಡಿಯವರೆಗಿನ ಉದ್ದ, ಸಿಆರ್‌ಎಲ್. 14 ವಾರದೊಳಗೆ, ಅಂದರೆ 84 ಮಿಲಿಮೀಟರ್ ಆಗುವವರೆಗೆ, ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆಮೇಲೆ ವಂಶ, ಪೋಷಣೆ, ಮಾಸಿನ ಕೆಲಸ ಎಲ್ಲ ಸೇರಿ ಒಂದೊಂದು ಮಗು ಒಂದೊಂದು ಗಾತ್ರ. ನಿಯಮ ಹೀಗಿದೆ: 9 ವಾರದೊಳಗಿನ ಸ್ಕ್ಯಾನ್‌ಗೂ ಎಲ್‌ಎಂಪಿಗೂ 5 ದಿನಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸ್ಕ್ಯಾನ್ ತಾರೀಖು ಹಿಡಿಯಿರಿ, 9ರಿಂದ 16 ವಾರದೊಳಗೆ 7 ದಿನಕ್ಕಿಂತ ಹೆಚ್ಚು, 16ರಿಂದ 22ರೊಳಗೆ 10 ದಿನಕ್ಕಿಂತ ಹೆಚ್ಚು. ವ್ಯತ್ಯಾಸ ಇದಕ್ಕಿಂತ ಕಡಿಮೆಯಿದ್ದರೆ ಎಲ್‌ಎಂಪಿಯನ್ನು ಮುಟ್ಟಬೇಡಿ.

ಉದಾಹರಣೆಗೆ ಎಲ್‌ಎಂಪಿ 2025ರ ಜುಲೈ 12. ಸೆಪ್ಟೆಂಬರ್ 25ಕ್ಕೆ ಸ್ಕ್ಯಾನ್. ಲೆಕ್ಕದ ಪ್ರಕಾರ 75 ದಿನ, 10 ವಾರ 5 ದಿನ. ಸಿಆರ್‌ಎಲ್ ಹೇಳುವುದು 9 ವಾರ 2 ದಿನ. ವ್ಯತ್ಯಾಸ 10 ದಿನ, ಏಳನ್ನು ದಾಟಿತು. 280 ದಿನದ ಲೆಕ್ಕದಲ್ಲಿ ಇಡಿಡಿ 2026ರ ಏಪ್ರಿಲ್ 18 ಇದ್ದದ್ದು ಏಪ್ರಿಲ್ 28 ಆಗುತ್ತದೆ. ಕಾರ್ಡಿನಲ್ಲಿ ಹಳೆಯದನ್ನು ಒಂದು ಗೆರೆಯಲ್ಲಿ ಹೊಡೆದು, ಹೊಸದನ್ನು ಬರೆದು, ಪಕ್ಕದಲ್ಲಿ ‘ಸಿಆರ್‌ಎಲ್‌ನಿಂದ, 25-9-2025ರ ಸ್ಕ್ಯಾನ್’ ಅಂತ ನಮೂದಿಸಿ. ಅಲ್ಲಿಗೆ ಮುಗಿಯಿತು. ಇನ್ನು ಆ ತಾರೀಖು ಬದಲಾಗಕೂಡದು.

ಇಲ್ಲೇ ಎಲ್ಲರೂ ಎಡವುವುದು. ಮುಂದೆ ಮಾಡುವ ಪ್ರತಿ ಸ್ಕ್ಯಾನ್‌ನಲ್ಲೂ ಯಂತ್ರ ಆ ದಿನದ ಅಳತೆಯಿಂದ ಹೊಸ ಇಡಿಡಿ ಮುದ್ರಿಸುತ್ತದೆ. ‘ಡಾಕ್ಟರು ಮೂರು ಸಲ ಡೇಟ್ ಬದಲಾಯಿಸಿದರು’ ಅಂತ ಮನೆಯವರು ಹೇಳುವುದು ಇದನ್ನೇ. 34 ವಾರದ ಬಸುರಿಗೆ ಸ್ಕ್ಯಾನ್‌ನಲ್ಲಿ 31 ವಾರದ ಅಳತೆ ಬಂತು ಅಂದುಕೊಳ್ಳಿ. ಮೊದಲ ಸ್ಕ್ಯಾನ್‌ನಿಂದ ತಾರೀಖು ಗಟ್ಟಿಯಾಗಿದ್ದರೆ ಇದರ ಅರ್ಥ ಒಂದೇ: ಮಗು ಚಿಕ್ಕದಿದೆ, ಬೆಳವಣಿಗೆ ಕುಂಠಿತವಾಗಿರಬಹುದು, ತಕ್ಷಣ ಡಾಪ್ಲರ್, ಅಂದರೆ ಮಗುವಿನ ರಕ್ತದ ಹರಿವು ತೋರಿಸುವ ಸ್ಕ್ಯಾನ್, ನೋಡಬೇಕು. ತಾರೀಖನ್ನೇ ಮೂರು ವಾರ ಮುಂದಕ್ಕೆ ತಳ್ಳಿದರೆ ಕಾಗದದ ಮೇಲೆ ಎಲ್ಲವೂ ಸರಿಹೋಗುತ್ತದೆ, ಹೊಟ್ಟೆಯೊಳಗೆ ಮಗು ಸೊರಗುತ್ತಲೇ ಇರುತ್ತದೆ. ಮನೆ ಭೇಟಿಯಲ್ಲಿ ಟೇಪು ಹಿಡಿಯುವವರಿಗೂ ಇದೇ ಮಾತು. 24ರಿಂದ 36 ವಾರದವರೆಗೆ ಕಿಬ್ಬೊಟ್ಟೆಯ ಕೆಳಗಿನ ಪ್ಯೂಬಿಕ್ ಮೂಳೆಯಿಂದ ಗರ್ಭಕೋಶದ ಮೇಲ್ತುದಿಯವರೆಗಿನ ಸೆಂಟಿಮೀಟರು ವಾರದ ಸಂಖ್ಯೆಗೆ ಸರಿಸುಮಾರು ಸಮ. ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂತ್ರ ಮಾಡಿಸಿ ಇನ್ನೊಮ್ಮೆ ಅಳೆಯಿರಿ, ಮತ್ತೂ ಹಾಗೇ ಇದ್ದರೆ ಕಳಿಸಿ.

ಪದಗಳ ಬಗ್ಗೆ ಸ್ವಲ್ಪ. ಕಾರ್ಡಿನ ಜಿ, ಪಿ, ಎಲ್, ಎ. ಜಿ ಅಂದರೆ ಈಗಿನದೂ ಸೇರಿ ಎಷ್ಟನೇ ಬಸುರು, ಪಿ ಅಂದರೆ ಎಷ್ಟು ಹೆರಿಗೆ, ಎಲ್ ಅಂದರೆ ಬದುಕಿರುವ ಮಕ್ಕಳು, ಎ ಅಂದರೆ ಹೋದ ಗರ್ಭಗಳು. ಮೊದಲ ಸಲ ಅವಳಿ ಹೆತ್ತು, ಎರಡನೆಯದು ಹೋಗಿ, ಈಗ ಮತ್ತೆ ಬಸುರಿಯಾದವರು ಜಿ3 ಪಿ1 ಎಲ್2 ಎ1. ಅವಳಿಯಾದರೂ ಹೆರಿಗೆ ಒಂದೇ. ‘ಎ’ಯಲ್ಲಿ ತಾನಾಗಿ ಹೋದದ್ದೂ ತೆಗೆಸಿದ್ದೂ ಒಂದೇ ಅಂಕಿಯಾಗಿಬಿಡುತ್ತದೆ, ಆದ್ದರಿಂದ ಯಾವುದು, ಎಷ್ಟು ವಾರಕ್ಕೆ ಅಂತ ಪಕ್ಕದಲ್ಲಿ ಬರೆಯಿರಿ. ‘ಅಬಾರ್ಷನ್ ಆಗಿದೆಯಾ?’ ಅಂತ ಅತ್ತೆಯ ಎದುರು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಒಬ್ಬರನ್ನೇ ಒಳಗೆ ಕರೆದು ‘ಹಿಂದೆ ಯಾವುದಾದರೂ ನಿಲ್ಲದೆ ಹೋಗಿದ್ದಿದೆಯಾ, ಕ್ಲೀನ್ ಮಾಡಿಸಿದ್ದಿದೆಯಾ?’ ಅನ್ನಿ. ವರದಿಯಲ್ಲಿ ‘ಮಿಸ್ಡ್ ಅಬಾರ್ಷನ್’ ಅಂತಿದ್ದರೆ ಆಕೆ ಏನೋ ಮಾಡಿಕೊಂಡರು ಅಂತಲ್ಲ, ಮಿಡಿತ ತಾನಾಗಿ ನಿಂತಿದೆ, ಗರ್ಭ ಇನ್ನೂ ಒಳಗೇ ಇದೆ ಅಂತ. ಇದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು.

ಏಳು ತಿಂಗಳಾದ ಮೇಲೆ ಮೊದಲ ಸಲ ಬರುವವರ ವಿಷಯ ಉಳಿಯಿತು. ಮುಟ್ಟಿನ ತಾರೀಖಿಲ್ಲ, ಹಿಂದಿನ ಸ್ಕ್ಯಾನ್ ಇಲ್ಲ. ಆ ಹೊತ್ತಿನ ಸ್ಕ್ಯಾನ್ ಮೂರು ವಾರದವರೆಗೆ ಆಚೀಚೆ ಆಗಬಹುದು. ಮಗು ಮೊದಲು ಮಿಸುಕಿದ್ದು ಯಾವಾಗ ಅಂತ ಕೇಳಿ, ಚೊಚ್ಚಲಿಗೆ 18ರಿಂದ 20 ವಾರ, ಹೆತ್ತವರಿಗೆ 16ರಿಂದ 18. ಕಿಟ್‌ನಲ್ಲಿ ಗೆರೆ ನೋಡಿದ ದಿನ ಕೇಳಿ. ಹೊರರೋಗಿ ಚೀಟಿ ಏನಾದರೂ ಮನೆಯಲ್ಲಿದ್ದರೆ ತರಿಸಿ, ಮೊದಲ ತಿಂಗಳುಗಳಲ್ಲಿ ವಾಂತಿಗೆಂದು ತೋರಿಸಿದ ಚೀಟಿಯ ತಾರೀಖೂ ಒಂದು ಸಾಕ್ಷಿಯೇ. ಎಲ್ಲ ಸೇರಿಸಿ ಒಂದು ಇಡಿಡಿ ಹಾಕಿ, ಪಕ್ಕದಲ್ಲಿ ‘ಅಂದಾಜು, ತಡವಾದ ಸ್ಕ್ಯಾನ್‌ನಿಂದ’ ಅಂತ ಕೆಂಪು ಶಾಯಿಯಲ್ಲಿ ಬರೆಯಿರಿ. ಮೂರು ನಾಲ್ಕು ವಾರ ಬಿಟ್ಟು ಮತ್ತೊಂದು ಸ್ಕ್ಯಾನ್ ಮಾಡಿಸಿ. ಆ ಅಂತರದಲ್ಲಿ ಮಗು ಮೂರು ನಾಲ್ಕು ವಾರದಷ್ಟೇ ಬೆಳೆದಿದ್ದರೆ ಹಾಕಿದ ತಾರೀಖನ್ನು ಇಟ್ಟುಕೊಳ್ಳಬಹುದು. ಒಂದೇ ವಾರದಷ್ಟು ಬೆಳೆದಿದ್ದರೆ ತಾರೀಖಿನ ಮಾತು ಆಮೇಲೆ, ಮೊದಲು ದೊಡ್ಡಾಸ್ಪತ್ರೆಗೆ ಕಳಿಸಿ.