ಬಿಪಿ ಮಾತ್ರೆಯ ಜೊತೆ ಮಂಡಿನೋವಿನ ಮಾತ್ರೆ

ನಮಸ್ಕಾರ. ಬೆಳಿಗ್ಗೆ ವೈದ್ಯರು ಬರೆದುಕೊಟ್ಟ ಟೆಲ್ಮಿಸಾರ್ಟಾನ್, ರಾತ್ರಿ ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೋಫೆನಾಕ್: ಇದು ಎಷ್ಟೋ ಮನೆಗಳ ದಿನಚರಿ. ಎರಡನೆಯದಕ್ಕೆ ಚೀಟಿ ಇಲ್ಲದ ಕಾರಣ, 'ಬೇರೆ ಔಷಧಿ ಏನಾದರೂ ಇದೆಯೇ' ಎಂದು ವೈದ್ಯರು ಕೇಳಿದಾಗ ಅದು ನೆನಪಿಗೇ ಬರುವುದಿಲ್ಲ.

ಮೂತ್ರಪಿಂಡದ ಪ್ರತಿಯೊಂದು ಸೋಸುಗಂಟಿಗೂ ರಕ್ತ ತರುವ ನಾಳವೊಂದು, ಹೊರಗೆ ಒಯ್ಯುವ ನಾಳವೊಂದು ಇರುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ಒಳಬರುವ ನಾಳವನ್ನು ಕಿರಿದಾಗಿಸಬಲ್ಲವು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್‌ನಂತಹ ಬಿಪಿ ಮಾತ್ರೆಗಳು ಹೊರಹೋಗುವ ನಾಳವನ್ನು ಸಡಿಲಿಸುತ್ತವೆ. ಹೀಗೆ ಸೋಸಲು ಬೇಕಾದ ಒತ್ತಡವೇ ಕುಸಿಯುತ್ತದೆ. ಇವೆರಡರ ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಕೂಡ ಸೇರಿದರೆ (ಹಲವು ಬಿಪಿ ಮಾತ್ರೆಗಳ ಹೆಸರಿನ ಕೊನೆಯ 'ಎಚ್' ಅದರದೇ ಗುರುತು), ಅದರಲ್ಲೂ ವಾಂತಿಭೇದಿಯಿಂದ ದೇಹದ ನೀರು ಕಡಿಮೆಯಾದ ದಿನಗಳಲ್ಲಿ, ವಯಸ್ಸಾದವರ ಮೂತ್ರಪಿಂಡ ಹಠಾತ್ತನೆ ಕೈಕೊಡಬಹುದು. ಸಾಲದ್ದಕ್ಕೆ ಈ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ಬಿಪಿಯನ್ನೂ ಏರಿಸುತ್ತವೆ.

ಹಾಗಾದರೆ ಪ್ಯಾರಸಿಟಮಾಲ್? ಮೂತ್ರಪಿಂಡದ ಮಟ್ಟಿಗೆ ಅದು ಮೇಲು. ಆದರೆ 2022ರಲ್ಲಿ ಪ್ರಕಟವಾದ ಎಡಿನ್‌ಬರೊದ ಪ್ರಯೋಗದಲ್ಲಿ, ದಿನಕ್ಕೆ 4 ಗ್ರಾಂನಂತೆ ಎರಡು ವಾರ ಸೇವಿಸಿದ ಬಿಪಿ ರೋಗಿಗಳಲ್ಲಿ ರಕ್ತದೊತ್ತಡದ ಎರಡು ಅಂಕಿಗಳ ಪೈಕಿ ಮೇಲಿನದು ಸುಮಾರು 5 ಏರಿತ್ತು. ಆದ್ದರಿಂದ ಅದನ್ನೂ ದಿನನಿತ್ಯದ ಅಭ್ಯಾಸ ಮಾಡಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಪಿ ಇರುವವರಿಗೆಂದೇ ಮಾರುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ಅಥವಾ ಮೂತ್ರ ಹೆಚ್ಚಿಸುವ ಇನ್ನೊಂದು ಮಾತ್ರೆಯಾದ ಸ್ಪೈರೊನೊಲ್ಯಾಕ್ಟೋನ್ ಸೇವಿಸುವವರಲ್ಲಿ ರಕ್ತದ ಪೊಟ್ಯಾಸಿಯಂ ಮೊದಲೇ ಏರುವ ಸಾಧ್ಯತೆಯಿರುವುದರಿಂದ, ಮೂತ್ರಪಿಂಡ ದುರ್ಬಲವಾಗಿದ್ದರೆ ಆ ಉಪ್ಪು ಹೃದಯದ ಬಡಿತವನ್ನೇ ಕೆಡಿಸಬಹುದು. ನೆಗಡಿ ಮಾತ್ರೆಯಲ್ಲಿರುವ ಫಿನೈಲೆಫ್ರಿನ್, ಕಷಾಯಕ್ಕೆ ಹೆಚ್ಚಾಗಿ ಹಾಕುವ ಜ್ಯೇಷ್ಠಮಧು ಕೂಡ ಬಿಪಿ ಏರಿಸಬಲ್ಲವು.

ನಮ್ಮ ದೇವನಹಳ್ಳಿಗೆ ಹೆಸರು ತಂದ ಚಕ್ಕೋತ ಗ್ರೇಪ್‌ಫ್ರೂಟ್‌ನ ಹತ್ತಿರದ ನೆಂಟ. ಗ್ರೇಪ್‌ಫ್ರೂಟ್ ರಸವು ಫೆಲೋಡಿಪಿನ್, ನಿಫೆಡಿಪಿನ್ ಎಂಬ ಬಿಪಿ ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸುತ್ತದೆಯಾದ್ದರಿಂದ, ಇವನ್ನು ಸೇವಿಸುವವರು ಚಕ್ಕೋತದ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಅದೇ ಗುಂಪಿನ ಅಮ್ಲೋಡಿಪಿನ್ ಮೇಲೆ ಗ್ರೇಪ್‌ಫ್ರೂಟ್‌ನ ಪರಿಣಾಮ ಅಲ್ಪ.

ಇದನ್ನು ಕೇಳಿ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಭೇಟಿಯಲ್ಲಿ ಚೀಟಿಯಿಲ್ಲದ ಮಾತ್ರೆ, ಉಪ್ಪಿನ ಪೊಟ್ಟಣ, ಕಷಾಯದ ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ದು ವೈದ್ಯರಿಗೆ ತೋರಿಸಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಬೇಕೇ ಎಂದು ಕೇಳಿ.