ಟ್ಯಾಂಕಿಯ ತಳದ ಕೆಸರು

ಕೇಳುಗರೇ, ನಮಸ್ಕಾರ.

ಕುಮಟಾದಿಂದ ಶಿರಸಿಗೆ ಹೊರಟ ಹಳೇ ಡೀಸೆಲ್ ಪಿಕಪ್ಪು ದೇವಿಮನೆ ಘಟ್ಟದ ಅರ್ಧಕ್ಕೆ ಬಂದು ಎಳೆತ ಬಿಡುತ್ತದೆ. ಹತ್ತು ನಿಮಿಷ ನಿಲ್ಲಿಸಿ ಚಾಲೂ ಮಾಡಿದರೆ ಏನೂ ಆಗದ ಹಾಗೆ ಹೊರಡುತ್ತದೆ. ನಾಲ್ಕು ತಿರುವು ದಾಟಿದರೆ ಮತ್ತೆ ಅದೇ ಕಥೆ. ಫಿಲ್ಟರ್ ಬದಲಿಸಿದರೆ ಒಂದು ವಾರ ಸರಿ. ಇಂಥ ಗಾಡಿಯ ಪಂಪು ಬಿಚ್ಚಿಸುವ ಮೊದಲು ದಯವಿಟ್ಟು ಟ್ಯಾಂಕಿ ನೋಡಿ. ಒಳಗೆ ಡೀಸೆಲ್ ಎಳೆಯುವ ಕೊಳವೆಯ ತುದಿಗೆ ಸಣ್ಣ ಜಾಲರಿ ಇರುತ್ತದೆ. ಇಂಜಿನ್ನು ಜೋರಾಗಿ ಎಳೆಯುವಾಗ ಕೆಸರು ಅದಕ್ಕೆ ಅಂಟುತ್ತದೆ, ನಿಂತಾಗ ಕಳಚಿ ತಳಕ್ಕಿಳಿಯುತ್ತದೆ. ಹತ್ತು ನಿಮಿಷದ ಗುಟ್ಟು ಇದೇ.

ಮೊದಲು ಒಂದು ಸುಲಭ ಪರೀಕ್ಷೆ. ಗಾಡಿ ನಿಂತ ಕೂಡಲೇ ಟ್ಯಾಂಕಿಯ ಮುಚ್ಚಳ ತಿರುಗಿಸಿ. ಬುಸ್ಸೆಂದು ಗಾಳಿ ಒಳಗೆಳೆದುಕೊಂಡರೆ ಗಾಳಿಯಾಡುವ ಸಣ್ಣ ಪೈಪೋ ಮುಚ್ಚಳದ ತೂತೋ ಕಟ್ಟಿಕೊಂಡಿದೆ. ಅದನ್ನು ಬಿಡಿಸಿ ನೋಡಿ, ಟ್ಯಾಂಕಿ ಇಳಿಸಿ ತೊಳೆಯುವ ದೊಡ್ಡ ಕೆಲಸವೇ ತಪ್ಪಬಹುದು.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಗಾಳಿಯೇ ನೀರು. ಅರ್ಧ ಖಾಲಿ ಟ್ಯಾಂಕಿಯ ತಗಡು ರಾತ್ರಿ ತಣ್ಣಗಾದಾಗ ಒಳಗಿನ ಆವಿ ಹನಿಗಟ್ಟಿ ಜಾರುತ್ತದೆ. ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 830 ಗ್ರಾಂ, ನೀರಿನದು 1 ಕಿಲೋ. ಹಾಗಾಗಿ ನೀರು ತಳದಲ್ಲೇ ಕೂತು ತುಕ್ಕು ಹಿಡಿಸುತ್ತದೆ. ನೀರು, ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಬೆರಳಿಗೆ ತರಿತರಿ ಹತ್ತಿದರೆ ತುಕ್ಕು, ಜಾರಿದರೆ ಲೋಳೆ.

ಟ್ಯಾಂಕಿ ತೊಳೆಯುವ ಕೆಲಸವನ್ನು ಆಷಾಢದ ಮಳೆಯಲ್ಲಿ ಹಿಡಿಯಲೇಬೇಡಿ. ತೊಳೆಯುವುದು ಸುಲಭ, ಒಣಗಿಸುವುದೇ ಕಷ್ಟ. ಬಿರುಬಿಸಿಲಿನ ದಿನ ಬೇಕು.

ಡೀಸೆಲ್ 5 ಲೀಟರಿಗಿಂತ ಕಡಿಮೆ ಇರುವಾಗ, ಬಯಲಲ್ಲಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ಮೈನಸ್ ವಾಯರ್ ಬಿಚ್ಚಿ ಶುರುಮಾಡಿ. ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು. ಪೆಟ್ರೋಲ್ ಗಾಡಿಯಾದರೆ ಮನೆಯಲ್ಲಿ ಮಾಡಲೇಬೇಡಿ. ತಳದ ಬೋಲ್ಟು ಬಿಚ್ಚಿ ಡೀಸೆಲ್ ಇಳಿಸಿ. ಇಂಜಿನ್ನಿಗೆ ಹೋಗುವ ಪೈಪು, ವಾಪಸು ಬರುವ ಪೈಪು ಎರಡಕ್ಕೂ ಬೇರೆಬೇರೆ ಬಣ್ಣದ ದಾರ ಕಟ್ಟಿ. ಅದಲುಬದಲಾದರೆ ಗಾಡಿ ಚಾಲೂ ಆಗದೆಯೂ ಹೋಗಬಹುದು. ಜಾಕಿನ ಮೇಲೆ ಹಲಗೆ ಇಟ್ಟು ಟ್ಯಾಂಕಿಗೆ ಆನಿಸಿ, ಆಮೇಲೆ ಪಟ್ಟಿಗಳನ್ನು ಸಡಿಲಿಸಿ. ಪಟ್ಟಿಯಡಿಯ ರಬ್ಬರನ್ನು ಎತ್ತಿ ನೋಡಲು ಮರೆಯಬೇಡಿ. ಉಪ್ಪುನೀರು ಅಲ್ಲಿ ತಂಗಿ ಟ್ಯಾಂಕಿ ಹೊರಗಿನಿಂದಲೇ ತೂತಾಗುತ್ತದೆ.

ಡೀಸೆಲ್ ಮಟ್ಟ ತೋರಿಸುವ ಫ್ಲೋಟು, ಜಾಲರಿ ತೆಗೆದಿಟ್ಟು, 2 ಲೀಟರ್ ಶುದ್ಧ ಡೀಸೆಲ್ ಹಾಕಿ ಕುಲುಕಿ ಡಬ್ಬಕ್ಕೆ ಸುರಿಯಿರಿ. ನಂತರ ಬಿಸಿನೀರು, ಸೋಪಿನ ಪುಡಿ ಹಾಕಿ, ಎರಡು ಮೀಟರ್ ಸಣ್ಣ ಸರಪಳಿ ಇಳಿಬಿಟ್ಟು ಚೆನ್ನಾಗಿ ಅಲ್ಲಾಡಿಸಿ. ಕೆಲವರು ಜಲ್ಲಿಕಲ್ಲು, ನಟ್ಟು ಹಾಕುತ್ತಾರೆ. ಅದು ಬೇಡ. ಒಳಗಿನ ಅಡ್ಡತಗಡಿನ ಹಿಂದೆ ಸಿಕ್ಕಿಕೊಂಡರೆ ಹೊರಬರುವುದಿಲ್ಲ. ಸರಪಳಿಯ ತುದಿಗೂ ತಂತಿ ಕಟ್ಟಿ ಹೊರಗೆ ಹಿಡಿದಿರಿ.

ಟಾರ್ಚ್ ಬಿಟ್ಟು ನೋಡಿದಾಗ ಒಳಮೈ ಬೂದು ಬಣ್ಣಕ್ಕೆ ಹೊಳೆದರೆ ಅಲ್ಲಿಗೇ ನಿಲ್ಲಿಸಿ. ಅದು ತುಕ್ಕು ತಡೆಯುವ ಲೇಪ, ತುಕ್ಕು ತೆಗೆಯುವ ಹುಳಿ, ಅಂದರೆ ಆಸಿಡ್, ಹಾಕಿದರೆ ಅದೂ ಹೋಗುತ್ತದೆ. ಕೆಂಪಾಗಿದ್ದರೆ ಮಾತ್ರ 10 ಲೀಟರ್ ಬಿಸಿನೀರಿಗೆ 1 ಕಿಲೋ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಹಾಕಿ, ಬಾಯಿ ತೆರೆದಿಟ್ಟು, ಆಗಾಗ ಮಗ್ಗುಲು ಬದಲಿಸುತ್ತ ರಾತ್ರಿಯಿಡೀ ಬಿಡಿ. ಹುಣಸೆಹಣ್ಣಿನಿಂದ ಹಂಡೆ ಬೆಳಗುವವರಿಗೆ ಈ ಹುಳಿಯ ಕೆಲಸ ಗೊತ್ತೇ ಇದೆ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಬೇಡ, ಅದು ತಗಡನ್ನೇ ತಿನ್ನುತ್ತದೆ. ಬೆಳಿಗ್ಗೆ ಅದನ್ನೂ ಡಬ್ಬಕ್ಕೆ ಸುರಿದು, 10 ಲೀಟರ್ ನೀರಿಗೆ 250 ಗ್ರಾಂ ಅಡಿಗೆ ಸೋಡಾ ಕಲಸಿ ತೊಳೆದು, ಮತ್ತೆರಡು ಸಲ ಬರೀ ನೀರಿನಲ್ಲಿ ತೊಳೆಯಿರಿ.

ಇನ್ನು ತಡಮಾಡುವಂತಿಲ್ಲ. ಬರೀ ಕಬ್ಬಿಣ ಒದ್ದೆಯಿದ್ದರೆ ಒಂದೆರಡು ತಾಸಿನಲ್ಲೇ ಕೆಂಪಾಗುತ್ತದೆ. ನೀರು ಬಸಿದು, ಬಿಸಿಲಿಗೆ ಬಾಯಿ ಕೆಳಗಾಗಿ ಇಟ್ಟು, ಹೊರಗಿನಿಂದ ಪೈಪಿನಲ್ಲಿ ಗಾಳಿ ಹಾಯಿಸಿ. ಮೂಲೆಗಳೂ ಒಣಗಿದ ಮೇಲೆ ಅರ್ಧ ಲೀಟರ್ ಡೀಸೆಲ್ ಹಾಕಿ ಎಲ್ಲ ಗೋಡೆಗೂ ತಾಗುವಂತೆ ತಿರುಗಿಸಿ ಬಸಿಯಿರಿ. ತೂತು ಕಂಡರೆ ನೀವೇ ವೆಲ್ಡಿಂಗಿಗೆ ಕೈಹಾಕಬೇಡಿ. ಖಾಲಿ ಟ್ಯಾಂಕಿಯ ಆವಿ ಸಿಡಿದು ಜೀವ ಹೋಗಬಹುದು.

ತೊಳೆದ ಕೊಳೆಯನ್ನು ಹಳ್ಳಕ್ಕೆ ಬಿಡಬೇಡಿ. ಅಘನಾಶಿನಿ ನದಿಯ ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪುಜೀವಿ ಆಯ್ದು ಬದುಕುವ ಮನೆಗಳಿವೆ. ಡಬ್ಬದಲ್ಲಿ ತುಂಬಿ, ಹಳೇ ಆಯಿಲ್ ಒಯ್ಯುವವರಿಗೆ ಕೊಡಿ.

ಟ್ಯಾಂಕಿ ಕೂರಿಸುವ ಮೊದಲು ಪೈಪುಗಳ ಎರಡೂ ತುದಿ ಬಿಚ್ಚಿ ಇಂಜಿನ್ ಕಡೆಯಿಂದ ಗಾಳಿ ಊದಿ. ಹೊಸ ವಾಷರು, ಹೊಸ ಫಿಲ್ಟರ್ ಹಾಕಿ, ಪೈಪಿನೊಳಗಿನ ಗಾಳಿ ಹೋಗಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಎಳೆಯುವ ಕೈಪಂಪು ಒತ್ತಿ. ಮೊದಲ 500 ಕಿಲೋಮೀಟರ್‌ವರೆಗೆ ಎರಡು ದಿನಕ್ಕೊಮ್ಮೆ ಫಿಲ್ಟರಿನ ತಳದ ತಿರುಪು ಸಡಿಲಿಸಿ, ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ನೋಡಿ. ಕೆಂಪು ಪುಡಿ ಕಂಡರೆ ಫಿಲ್ಟರ್ ಇನ್ನೊಮ್ಮೆ ಬದಲಿಸಿ. ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕಿ ತುಂಬಿಸಿ ಗಾಡಿ ನಿಲ್ಲಿಸಿ.

ನಮಸ್ಕಾರ.