ಎರಡನೆಯ ಮಗ: ಕೌಂಟ್ ಕಾವೂರನ ಮನೆ ಮತ್ತು ಅಧಿಕಾರ

ಕೇಳುಗರೆಲ್ಲರಿಗೂ ನಮಸ್ಕಾರ. ಹಲವು ರಾಜ್ಯಗಳಾಗಿ ಹಂಚಿಹೋಗಿದ್ದ ಇಟಲಿಯ ಏಕೀಕರಣ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ನೆನಪಿಗೆ ಬರುವುದು ಸೇನಾನಿ ಗ್ಯಾರಿಬಾಲ್ಡಿಯ ಕೆಂಪು ಅಂಗಿ, ಇಲ್ಲವೇ ಕ್ರಾಂತಿಕಾರಿ ಮ್ಯಾಜಿನಿಯ ಹೆಸರು. ಕೌಂಟ್ ಕಾವೂರನ ಪಾಲಿಗೆ ಉಳಿಯುವುದು ‘ಚಾಣಾಕ್ಷ ಮುತ್ಸದ್ದಿ’ ಎಂಬ ಎರಡು ಪದಗಳು ಮಾತ್ರ. ಆ ಎರಡು ಪದಗಳ ಮೇಲೆ ನನಗೆ ಹಳೆಯ ಅಸಮಾಧಾನವಿದೆ, ಏಕೆಂದರೆ ಆ ಚಾಣಾಕ್ಷತನ ಅವನಿಗೆ ಎಲ್ಲಿಂದ ಬಂದಿತೆಂದು ಯಾರೂ ಕೇಳುವುದಿಲ್ಲ. ನನ್ನ ಉತ್ತರ ಬಹಳ ಸರಳ: ಅವನು ಮನೆಯ ಎರಡನೆಯ ಮಗ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು, ಅದನ್ನು ಮತ್ತೆ ಮತ್ತೆ ಹೇಳಿದರೆ ತಾವು ಕ್ಷಮಿಸಬೇಕು.

ಕಮಿಲ್ಲೊ ಬೆನ್ಸೊ ಹುಟ್ಟಿದ್ದು 1810ರ ಆಗಸ್ಟ್ 10ರಂದು, ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿ. ತಂದೆ ಮಿಕೆಲೆ ಬೆನ್ಸೊ, ಕಾವೂರಿನ ಮಾರ್ಕ್ವಿಸ್. ತಾಯಿ ಅದೆಲ್ ದ ಸೆಲ್ಲೋನ್ ಜಿನೀವಾದ ಪ್ರೊಟೆಸ್ಟಂಟ್ ಮನೆತನದ ಹೆಣ್ಣುಮಗಳು. ಮನೆಯೊಳಗಿನ ಮಾತೆಲ್ಲ ಫ್ರೆಂಚ್. ಮುಂದೆ ಇಟಲಿಯನ್ನು ಒಂದುಗೂಡಿಸಿದ ಈ ಮನುಷ್ಯನಿಗೆ ಕೊನೆಯವರೆಗೂ ಇಟಾಲಿಯನ್ನಿಗಿಂತ ಫ್ರೆಂಚ್ ಭಾಷೆಯೇ ಸಲೀಸಾಗಿತ್ತು. ಅಣ್ಣ ಗುಸ್ತಾವೊ ನಾಲ್ಕು ವರ್ಷ ಹಿರಿಯ. ಮಾರ್ಕ್ವಿಸ್ ಪದವಿ ಹಿರಿಯ ಮಗನಿಗೆ ಸಲ್ಲುವುದು ಆ ವಂಶಗಳ ಕಟ್ಟಳೆ. ಕಿರಿಯವನಿಗೆ ದೊರೆತದ್ದು ಅದಕ್ಕಿಂತ ಕೆಳಗಿನ ಕೌಂಟ್ ಎಂಬ ಬಿರುದು, ಹತ್ತನೆಯ ವಯಸ್ಸಿಗೆ ಸೈನಿಕ ಶಾಲೆ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ಆ ಕಾಲಕ್ಕೆ ಟ್ಯೂರಿನ್ ನೆಪೋಲಿಯನ್ನನ ಆಳ್ವಿಕೆಯಲ್ಲಿತ್ತು. ಅವನ ತಂಗಿ ಪೌಲಿನಾಳ ಗಂಡನಾದ ಕಮಿಲ್ಲೊ ಬೊರ್ಗೇಸೆ ಎಂಬ ರೋಮಿನ ರಾಜಕುಮಾರನು ಅಲ್ಲಿಯ ಗವರ್ನರ್ ಆಗಿದ್ದನು. ನಮ್ಮ ಕಾವೂರನ ಅಜ್ಜಿ ಫಿಲಿಪ್ಪಿನಾ ಗಟ್ಟಿಗಿತ್ತಿ. ಫ್ರೆಂಚರು ಮೊದಲು ನುಗ್ಗಿ ಬಂದು ಶ್ರೀಮಂತರ ಮೇಲೆ ತೆರಿಗೆ ಹೇರಿದಾಗ ಮನೆಯ ಬೆಳ್ಳಿಯನ್ನು ಮಾರಿ ಸಂಸಾರವನ್ನು ದಡ ಸೇರಿಸಿದ್ದ ಆಕೆ, ಕಾಲ ತಿರುಗಿದ್ದನ್ನು ಅರಿತು ಅದೇ ಫ್ರೆಂಚರ ರಾಜಕುಮಾರಿ ಪೌಲಿನಾಳ ಸಖಿಯಾಗಲು ಒಪ್ಪಿಕೊಂಡಳು. ಮಗ ಮಿಕೆಲೆ ಬೊರ್ಗೇಸೆಯ ಓಲಗದಲ್ಲಿ ಸ್ಥಾನ ಪಡೆದನು. ಹೀಗಾಗಿ ಎರಡನೆಯ ಮೊಮ್ಮಗ ಹುಟ್ಟಿದಾಗ ಬೊರ್ಗೇಸೆ ದಂಪತಿಗಳೇ ಧರ್ಮಪಿತ, ಧರ್ಮಮಾತೆಯರಾದರು. ಮಗುವಿಗೆ ಕಮಿಲ್ಲೊ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಇದೇ ಬೊರ್ಗೇಸೆಯ ಮನೆತನದಲ್ಲಿ ಪ್ರಾಚೀನ ರೋಮಿನ ಅಮೃತಶಿಲೆಯ ಪ್ರತಿಮೆಗಳ ಅಪೂರ್ವ ಸಂಗ್ರಹವಿತ್ತು. ಅದು ಪ್ಯಾರಿಸ್ಸಿನ ಲೂವ್ರ್‌ನಲ್ಲಿರಬೇಕೆಂದು ನೆಪೋಲಿಯನ್ ಹಟ ಹಿಡಿದು 1807ರಲ್ಲಿ ಭಾವನಿಂದ ಅದನ್ನು ಕೊಂಡುಕೊಂಡನು. ಬೆಲೆಯ ಒಂದು ಭಾಗವಾಗಿ ಅವನು ಕೊಟ್ಟದ್ದೇನು ಗೊತ್ತೇ? ಗದ್ದೆ! ವೆರ್ಚೆಲ್ಲಿ ಸೀಮೆಯಲ್ಲಿ ಲುಚೇದಿಯೊ ಎಂಬ ಹಳೆಯ ಮಠವಿತ್ತು. ಅಲ್ಲಿಯ ಸನ್ಯಾಸಿಗಳು ಶತಮಾನಗಳಿಂದ ಬೇಸಾಯ ನಡೆಸಿದ್ದ, ಭತ್ತ ಬೆಳೆಯುತ್ತಿದ್ದ ಆ ವಿಶಾಲವಾದ ಜಮೀನು ಬೊರ್ಗೇಸೆಯ ಕೈಸೇರಿತು. ನೆಪೋಲಿಯನ್ ಬಿದ್ದನು, ಬೊರ್ಗೇಸೆಗೆ ಆ ಜಮೀನು ದೂರದ ಮಾತಾಯಿತು. 1822ರಲ್ಲಿ ಅದು ಮಾರಾಟವಾದಾಗ ಕೊಂಡವರಲ್ಲಿ ಒಬ್ಬನು ಅವನ ಹಳೆಯ ಓಲಗದವನಾದ ಮಿಕೆಲೆ ಬೆನ್ಸೊ, ಅವನ ಪಾಲಿಗೆ ಬಂದದ್ದು ಲೇರಿ ಎಂಬ ಹಳ್ಳಿಯ ಗದ್ದೆಗಳು. ರೋಮಿನ ಕಲ್ಲಿನ ದೇವತೆಗಳು ಪ್ಯಾರಿಸ್ಸಿಗೆ ಹೋದದ್ದರಿಂದ ಟ್ಯೂರಿನ್ನಿನ ಒಬ್ಬ ಹುಡುಗನಿಗೆ ಭತ್ತದ ಗದ್ದೆ ಸಿಕ್ಕಿತು! ಇದನ್ನು ನೂರು ಸಲ ಹೇಳಿದ್ದೇನೆ, ನನಗಿನ್ನೂ ಬೇಸರ ಬಂದಿಲ್ಲ.

ಹುಡುಗನಾದರೋ ಆ ವೇಳೆಗೆ ಎಲ್ಲೆಡೆಯೂ ಎಡವುತ್ತಿದ್ದನು. ಅರಮನೆಯಲ್ಲಿ ಯುವರಾಜನ ಊಳಿಗಕ್ಕೆ ಹಾಕಿದರೆ, ಆಳುಗಳ ಸಮವಸ್ತ್ರ ತೊಡಿಸುತ್ತಾರೆಂದು ಸಿಡುಕಿ ಆ ಸ್ಥಾನವನ್ನು ಕಳೆದುಕೊಂಡನು. ಸೈನ್ಯದ ಎಂಜಿನಿಯರ್ ಆಗಿದ್ದಾಗ ಕ್ರಾಂತಿಯ ಪರವಾಗಿ ನಾಲಗೆ ಸಡಿಲಬಿಟ್ಟು ಆಲ್ಪ್ಸ್ ಕಣಿವೆಯ ಕೋಟೆಯೊಂದಕ್ಕೆ ಎತ್ತಂಗಡಿಯಾಗಿ, 1831ರಲ್ಲಿ ರಾಜೀನಾಮೆ ಕೊಟ್ಟನು. ಅಣ್ಣನಾಗಿದ್ದರೆ ಮನೆಯಲ್ಲಿ ಕುಳಿತು ಮಾರ್ಕ್ವಿಸ್ ಆಗುವ ದಿನವನ್ನು ಕಾಯಬಹುದಿತ್ತು. ಇವನು ಎರಡನೆಯ ಮಗ. ಮರುವರ್ಷ ಗ್ರಿಂಜಾನೆ ಎಂಬ ಪುಟ್ಟ ಊರಿಗೆ ಅವನನ್ನು ಮೇಯರ್ ಮಾಡಲಾಯಿತು. ಹದಿನೇಳು ವರ್ಷ ಅವನು ಆ ಹೊಣೆಯನ್ನು ಹೊತ್ತನು. ಹಣದ ವ್ಯವಹಾರವನ್ನೂ ಪೆಟ್ಟು ತಿಂದೇ ಕಲಿತನು. 1840ರಲ್ಲಿ ಯೂರೋಪಿನಲ್ಲಿ ಯುದ್ಧವಾಗುವುದೆಂದು ನಂಬಿ ಪ್ಯಾರಿಸ್ಸಿನ ಷೇರುಪೇಟೆಯಲ್ಲಿ ಹಣ ಹೂಡಿದನು. ಯುದ್ಧ ನಡೆಯಲಿಲ್ಲ, ಸಾಲವನ್ನು ತಂದೆ ತೀರಿಸಬೇಕಾಯಿತು.

ಅವನನ್ನು ತಿದ್ದಿದ್ದು ಲೇರಿ. 1835ರಿಂದ ಆ ಗದ್ದೆಗಳ ಆಡಳಿತ ಅವನದಾಯಿತು. ಬೆಳಗಿನ ಜಾವಕ್ಕೆ ಎದ್ದು ಬದುವಿನ ಮೇಲೆ ನಡೆದು, ಕಾಲುವೆಯ ನೀರಿನ ಲೆಕ್ಕ, ಕೂಲಿಯ ಲೆಕ್ಕ, ಭತ್ತದ ಧಾರಣೆಯ ಲೆಕ್ಕಗಳನ್ನು ತಾನೇ ನೋಡಿದನು. ಪೆರುವಿನ ಕಡಲಹಕ್ಕಿಗಳ ಹಿಕ್ಕೆಯಾದ ಗುವಾನೊ ಗೊಬ್ಬರವನ್ನು ತರಿಸಿ ಹೊಲಕ್ಕೆ ಹಾಕಿಸಿದನು. 1850ರಲ್ಲಿ, ಟ್ಯೂರಿನ್ ರಾಜಧಾನಿಯಾಗಿದ್ದ ಪೀಡ್ಮಾಂಟ್-ಸಾರ್ಡಿನಿಯಾ ರಾಜ್ಯದಲ್ಲಿ ಮೊದಲ ಬಾರಿಗೆ ಮಂತ್ರಿಯಾದಾಗ ಅವನಿಗೆ ಬಂದದ್ದು ಕೃಷಿ ಮತ್ತು ವಾಣಿಜ್ಯದ ಖಾತೆ. ಮರುವರ್ಷ ಹಣಕಾಸು, 1852ರಲ್ಲಿ ಪ್ರಧಾನಿಯ ಪದವಿ. ಇದನ್ನು ಅದೃಷ್ಟವೆನ್ನುವವರ ಬಗ್ಗೆ ನನಗೆ ತಾಳ್ಮೆಯಿಲ್ಲ.

ತಂದೆಯ ಹೆಸರು ಅವನಿಗೆ ನೆರವಾಯಿತೆಂದು ತಾವು ಭಾವಿಸಬಹುದು, ಆದದ್ದು ತಿರುವುಮುರುವು. ಮಿಕೆಲೆ ಹನ್ನೆರಡು ವರ್ಷ ಟ್ಯೂರಿನ್ನಿನ ‘ವಿಕಾರಿಯೊ’, ಎಂದರೆ ನಗರದ ಪೊಲೀಸು ಮತ್ತು ಮಾರುಕಟ್ಟೆಗಳ ಮೇಲಧಿಕಾರಿಯಾಗಿದ್ದು ಜನರ ದ್ವೇಷ ಕಟ್ಟಿಕೊಂಡಿದ್ದನು. ಆ ದ್ವೇಷ ಮಗನಿಗೂ ಅಂಟಿತು. 1848ರ ಏಪ್ರಿಲಿನ ಮೊದಲ ಚುನಾವಣೆಯಲ್ಲಿ ಅವನು ಸೋತನು, ಜೂನ್‌ನಲ್ಲಿ ಗೆದ್ದನು, ಮರುವರ್ಷದ ಆರಂಭದಲ್ಲಿ ಮತ್ತೆ ಸೋತನು. ಮನೆಯಲ್ಲೂ ವಿರೋಧವಿತ್ತು. ಅಣ್ಣ ಗುಸ್ತಾವೊ ಕಟ್ಟಾ ಕ್ಯಾಥೊಲಿಕ್. ಸಂಸತ್ತಿನಲ್ಲಿ ಚರ್ಚಿನ ವಿಷಯ ಬಂದಾಗ ಅವನು ತಮ್ಮನ ವಿರೋಧಿಗಳ ಪಾಳಯದಲ್ಲಿರುತ್ತಿದ್ದನು. ಸಂಜೆ ಇಬ್ಬರೂ ಹಿಂದಿರುಗುತ್ತಿದ್ದುದು ಒಂದೇ ಮನೆಗೆ.

ಪ್ರತಿಮೆಗಳ ಕಥೆಗೆ ನಾನು ಹೆಚ್ಚು ಸಮಯ ತೆಗೆದುಕೊಂಡಿದ್ದರಿಂದ ಕ್ರಿಮಿಯಾ ಯುದ್ಧ, 1858ರಲ್ಲಿ ಪ್ಲೋಂಬಿಯೇರ್‌ನಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನೊಡನೆ ನಡೆದ ಗುಟ್ಟಿನ ಒಪ್ಪಂದ, ಮರುವರ್ಷದ ಆಸ್ಟ್ರಿಯಾ ಯುದ್ಧ ಇವೆಲ್ಲ ಹೆಸರಿನಲ್ಲೇ ಮುಗಿಯಬೇಕಾಗಿದೆ. ಯಾವುದೇ ಇತಿಹಾಸದ ಪುಸ್ತಕದಲ್ಲಿ ಅವು ಸಿಗುತ್ತವೆ. ಆ ಯುದ್ಧ ನಡುವೆಯೇ ನಿಂತಾಗ ಕಾವೂರ್ ಸಿಟ್ಟಿನಿಂದ ರಾಜೀನಾಮೆಯಿತ್ತನು, ಆ ತಿಂಗಳುಗಳಲ್ಲಿ ಅವನು ಹೋದದ್ದು ಲೇರಿಯ ಗದ್ದೆಗಳಿಗೆ ಎಂಬುದನ್ನು ಮಾತ್ರ ಪುಸ್ತಕಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. 1860ರ ಜನವರಿಯಲ್ಲಿ ಅವನು ಮತ್ತೆ ಪ್ರಧಾನಿಯಾದನು. 1861ರ ಮಾರ್ಚ್ 17ರಂದು ಇಟಲಿ ರಾಜ್ಯದ ಘೋಷಣೆಯಾಯಿತು. ಮೂರು ತಿಂಗಳು ತುಂಬುವ ಮೊದಲೇ, ಜೂನ್ 6ರಂದು, ಐವತ್ತು ವರ್ಷದ ಕಾವೂರ್ ಜ್ವರದಿಂದ ತೀರಿಕೊಂಡನು.

ಅವನು ಮದುವೆಯಾಗಿರಲಿಲ್ಲ. ಮಗನಂತೆ ಅವನು ಅಕ್ಕರೆಯಿಟ್ಟಿದ್ದು ಅಣ್ಣನ ಹಿರಿಯ ಮಗ ಅಗುಸ್ತೊನ ಮೇಲೆ. ಆ ಹುಡುಗ 1848ರ ಮೇ 30ರಂದು ಗೊಯಿತೊ ಕದನದಲ್ಲಿ ಆಸ್ಟ್ರಿಯನ್ನರ ಗುಂಡಿಗೆ ಬಲಿಯಾದನು. ಗುಂಡು ತೂರಿದ್ದ ಅವನ ಸಮವಸ್ತ್ರವನ್ನು ಕಾವೂರ್ ಗಾಜಿನ ಪೆಟ್ಟಿಗೆಯಲ್ಲಿಟ್ಟು ತನ್ನ ಮಲಗುವ ಕೋಣೆಯಲ್ಲಿ ಕೊನೆಯವರೆಗೂ ಇರಿಸಿಕೊಂಡಿದ್ದನು. ಕಾವೂರ್ ಸತ್ತಾಗ, ರಾಜವಂಶದವರ ಸಮಾಧಿಗಳಿರುವ ಸುಪೆರ್ಗಾದಲ್ಲಿ ಅವನಿಗೆ ಜಾಗ ಕೊಡಲು ರಾಜನು ಮುಂದಾದನು. ಮನೆಯವರು ಒಪ್ಪಲಿಲ್ಲ. ಟ್ಯೂರಿನ್ನಿಗೆ ಸಮೀಪದ ಸಾಂತೆನಾ ಎಂಬ ಊರಿನ ಕುಟುಂಬದ ಸಮಾಧಿಯಲ್ಲಿ, ಅಗುಸ್ತೊ ಮಲಗಿರುವಲ್ಲಿಯೇ, ಅವನನ್ನೂ ಮಲಗಿಸಿದರು. ನಮಸ್ಕಾರ.